ತರಗತಿಯಲ್ಲಿ ಅಂಕ ಓದಿ ಹೇಳಬೇಕೆ?



ಕಳೆದ ಓಣಂ ರಜೆಯಲ್ಲಿ ವಯನಾಡಿನ ತೋಲ್ಪೆಟ್ಟಿಯ ಹತ್ತಿರವಿರುವ ನಮ್ಮ ಮನೆಗೆ ಹೋಗಿದ್ದೆ. ಅಲ್ಲಿಂದ ಕೊಡಗಿನ ಕುಟ್ಟಕ್ಕೆ ಕೆಲವೇ ಕಿಲೋಮೀಟರು. ನೆರೆಮನೆಯ ಹುಡುಗ ದಿನಾ ಚೆಕ್‌ಪೋಸ್ಟ್ ದಾಟಿ ಆಚೆಯ ಕನ್ನಡ ಶಾಲೆಗೆ ಹೋಗಿ ಬರುತ್ತಾನೆ. ಒಂದು ಸಂಜೆ ಅವನ ತಾಯಿ ಮೊಬೈಲು ಹಿಡಿದುಕೊಂಡು ಬಂದರು. ತರಗತಿಯ ವಾಟ್ಸಾಪ್ ಗುಂಪಿಗೆ ಕಿರುಪರೀಕ್ಷೆಯ ಅಂಕಪಟ್ಟಿ ಬಂದಿತ್ತು. ಇಪ್ಪತ್ತೆಂಟು ಮಕ್ಕಳ ಹೆಸರು, ಎದುರಿಗೆ ಅಂಕ, ಕೊನೆಯ ಕಲಮಿನಲ್ಲಿ ಸ್ಥಾನ. “ಇವನು ಇಪ್ಪತ್ತಾರನೆಯವನಂತೆ ಟೀಚರ್. ನನಗೆ ತಿಳಿಯುವ ಮೊದಲೇ ಅಂಗಡಿಯವನಿಗೆ ತಿಳಿದಿತ್ತು” ಎಂದರು. ಹುಡುಗನ ಉತ್ತರ ಪತ್ರಿಕೆ ನೋಡಿದಿರಾ ಎಂದು ಕೇಳಿದೆ. ಅದು ಮನೆಗೆ ಬಂದೇ ಇರಲಿಲ್ಲ.

ರಜೆ ಮುಗಿದು ಕಾಸರಗೋಡಿಗೆ ಮರಳಿದ ವಾರವೇ ನಮ್ಮ ಶಾಲೆಯಲ್ಲಿ ಕ್ಲಾಸ್ ಪಿ.ಟಿ.ಎ. ಸಭೆ. ಅಲ್ಲಿ ಒಬ್ಬ ತಂದೆ ಎದ್ದು ನಿಂತು ನೇರವಾಗಿ ಕೇಳಿದರು: “ಟೀಚರ್, ನೀವು ಯಾಕೆ ಅಂಕ ಓದಿ ಹೇಳುವುದಿಲ್ಲ? ಎಲ್ಲರ ಮುಂದೆ ಹೇಳಿದರೆ ತಾನೇ ಮಕ್ಕಳಿಗೆ ಛಲ ಬರುವುದು? ಅಡಗಿಸುವಂಥದ್ದು ಅದರಲ್ಲಿ ಏನಿದೆ?” ನಾಲ್ಕಾರು ತಲೆಗಳು ಹೌದೆಂದು ಅಲ್ಲಾಡಿದವು.

ಸಭೆಯ ಗಡಿಬಿಡಿಯಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಕುಳಿತೆ. ಅದು ಸಾಲದು ಎಂದು ಆಗಲೇ ಅನ್ನಿಸಿತು. ಅವರ ಪ್ರಶ್ನೆ ಪ್ರಾಮಾಣಿಕವಾದದ್ದು. ತೋಲ್ಪೆಟ್ಟಿಯ ಆ ತಾಯಿಯ ಸಂಕಟವೂ ಅಷ್ಟೇ ನಿಜ. ಆದ್ದರಿಂದ ಈ ಪುಟಗಳಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ಹಲವು ವರ್ಷ ನಾನೂ ಅಂಕ ಓದಿ ಹೇಳುತ್ತಿದ್ದೆ. ಅದೂ ಜೋರಾಗಿ, ಮೇಲಿನಿಂದ ಕೆಳಕ್ಕೆ, ನಡುನಡುವೆ ಒಂದೊಂದು ಚಟಾಕಿ ಸೇರಿಸಿ. ನನಗೆ ಹಾಗೆಯೇ ಕಲಿಸಿದ್ದರು. ನಾವು ಎಸ್.ಎಸ್.ಎಲ್.ಸಿ. ಬರೆದ 1997ರಲ್ಲಿ ಒಟ್ಟು 600 ಅಂಕ, ಪಾಸಾಗಲು 210. ಆ 210 ಎಂಬುದು ಕೇರಳದ ಮನೆಮನೆಯಲ್ಲಿ ದೇವರ ನಾಮದಷ್ಟು ಬಳಕೆಯಲ್ಲಿದ್ದ ಸಂಖ್ಯೆ. ಫಲಿತಾಂಶದ ದಿನ ಪತ್ರಿಕೆಯಲ್ಲಿ ರಿಜಿಸ್ಟರ್ ನಂಬ್ರ ಹುಡುಕುವುದು, ಚಹಾದ ಅಂಗಡಿಯಲ್ಲಿ ಅದೇ ಚರ್ಚೆ. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಅಂಕದ ಪ್ರಕಾರ ಬೆಂಚು ಬದಲಾಗುತ್ತಿತ್ತು. ನಾನು ಎರಡನೆಯ ಬೆಂಚಿನವಳು, ಹಾಗಾಗಿ ಈ ಪದ್ಧತಿಯಲ್ಲಿ ನನಗೆ ಯಾವ ದೋಷವೂ ಕಾಣಿಸಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತಿದ್ದವರು ಯಾರೂ ಅಧ್ಯಾಪಕರಾಗಲಿಲ್ಲ. ಅವರಾಗಿದ್ದರೆ ಈ ಲೇಖನ ಇಪ್ಪತ್ತು ವರ್ಷ ಮೊದಲೇ ಬರುತ್ತಿತ್ತೇನೋ.

ನನ್ನ ಕಣ್ಣು ತೆರೆಸಿದ್ದು ಒಂದು ಶಬ್ದ: ‘ಉಪನ್ಯಾಸ’.

ಎಂಟನೆಯ ತರಗತಿಯ ಸಮಾಜ ವಿಜ್ಞಾನದ ಕಿರುಪರೀಕ್ಷೆ. ಪ್ರಶ್ನೆಗಳು ಮಲಯಾಳದಲ್ಲಿ ಸಿದ್ಧವಾಗಿ ಅವಸರದಲ್ಲಿ ಕನ್ನಡಕ್ಕೆ ಬಂದಿದ್ದವು. ಕಾಡಿನ ಸಂರಕ್ಷಣೆಯ ಬಗ್ಗೆ ‘ಉಪನ್ಯಾಸ ತಯಾರಿಸಿರಿ’ ಎಂದು ಆರು ಅಂಕದ ಒಂದು ಪ್ರಶ್ನೆ. ಮಲಯಾಳದಲ್ಲಿ ಉಪನ್ಯಾಸವೆಂದರೆ ಪ್ರಬಂಧ, ಕನ್ನಡದಲ್ಲಿ ಭಾಷಣ. ಭಾಷಾಂತರಿಸಿದವರು ಶಬ್ದವನ್ನು ಹಾಗೆಯೇ ದಾಟಿಸಿಬಿಟ್ಟಿದ್ದರು. ಎರಡೂ ಭಾಷೆಯಲ್ಲಿ ಬೆಳೆದ ನನ್ನ ಕಣ್ಣಿಗೆ ಅದು ಪ್ರಬಂಧವಾಗಿಯೇ ಕಂಡಿತು, ತಪ್ಪು ಹೊಳೆಯಲಿಲ್ಲ. ಹೆಚ್ಚಿನ ಮಕ್ಕಳು ಪ್ರಶ್ನೆಯನ್ನು ಅರ್ಧ ಓದಿ, ಪಾಠದ ವಾಕ್ಯಗಳನ್ನೇ ಇಳಿಸಿ, ನಾಲ್ಕು ಐದು ಅಂಕ ಪಡೆದರು. ಪ್ರಶ್ನೆಯನ್ನು ಸರಿಯಾಗಿ ಓದಿದ ಐದು ಮಂದಿ ಮಾತ್ರ ಭಾಷಣ ಬರೆದಿದ್ದರು. “ಸಭಾಧ್ಯಕ್ಷರೇ, ವೇದಿಕೆಯಲ್ಲಿರುವ ಗಣ್ಯರೇ” ಎಂದು ಆರಂಭಿಸಿ, ಕೊನೆಗೆ ವಂದನೆ ಹೇಳಿ ಮುಗಿಸಿದ್ದರು. ನಾನು ಐವರಿಗೂ ಒಂದೊಂದು ಅಂಕ ಕೊಟ್ಟೆ.

ಮರುದಿನ ತರಗತಿಯಲ್ಲಿ ಪಟ್ಟಿ ಓದಿದೆ. ಆ ಐವರಲ್ಲಿ ಒಬ್ಬಳು ಹುಡುಗಿಯ ಹೆಸರು ಬಂದಾಗ, “ಇಪ್ಪತ್ತರಲ್ಲಿ ಹತ್ತು. ಭಾಷಣ ಮಾಡಲು ಸಭೆ ಎಲ್ಲಿದೆಯಮ್ಮಾ?” ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ.

ಮೂರನೆಯ ದಿನ ಅವಳ ತಂದೆ ಬಂದರು. ಅಡಕೆ ತೋಟದಲ್ಲಿ ಕೂಲಿ ಮಾಡುವವರು, ಕೈಯಲ್ಲಿ ಟಿ.ಸಿ.ಗೆ ಬರೆದ ಅರ್ಜಿ. “ಕನ್ನಡದಲ್ಲಿ ಕಲಿತು ಅವಳ ತಲೆಗೆ ಏನೂ ಹೋಗುವುದಿಲ್ಲವಂತೆ ಟೀಚರ್. ಇಂಗ್ಲಿಷಿಗೆ ಹಾಕುವ ಎಂದಿದ್ದೇನೆ” ಎಂದರು. ಹಾಗೆಂದು ಹೇಳಿದವರು ಯಾರು? ಅದೇ ತರಗತಿಯ ಇನ್ನೊಂದು ಮಗುವಿನ ಮನೆಯವರು, ಹಾಲಿನ ಸೊಸೈಟಿಯಲ್ಲಿ. ಪತ್ರಿಕೆ ನೋಡಿದಿರಾ ಎಂದೆ. ಇಲ್ಲ. ಹುಡುಗಿಯನ್ನು ಕರೆದು ಚೀಲದಿಂದ ಪತ್ರಿಕೆ ತೆಗೆಸಿ ಮೇಜಿನ ಮೇಲಿಟ್ಟು, ಅವರಿಗೆ ತೋರಿಸಲೆಂದು ಆ ಉತ್ತರವನ್ನು ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ವಾಕ್ಯಕ್ಕೆ ನನ್ನ ಗಂಟಲು ಹಿಡಿಯಿತು. ಅದು ಒಳ್ಳೆಯ ಭಾಷಣವಾಗಿತ್ತು. ಪ್ರಶ್ನೆ ಕೇಳಿದ್ದೂ ಅದನ್ನೇ. ತರಗತಿಯಲ್ಲಿ ಕನ್ನಡವನ್ನು ಕನ್ನಡವಾಗಿ ಓದಿದ ಐದು ಮಕ್ಕಳಿಗೆ, ಕನ್ನಡ ಮಾಧ್ಯಮದ ಅಧ್ಯಾಪಿಕೆಯಾದ ನಾನು, ಶಿಕ್ಷೆ ಕೊಟ್ಟಿದ್ದೆ.

ಅಂಕ ತಿದ್ದಿದೆ. ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನೂ ಹೇಳಿದೆ. ಆದರೆ ತಿದ್ದುಪಡಿ ಹಾಲಿನ ಸೊಸೈಟಿಯವರೆಗೆ ಹೋಗಲಿಲ್ಲ. ಆ ವರ್ಷ ಮುಗಿಯುತ್ತಲೇ ಹುಡುಗಿ ಬೇರೆ ಶಾಲೆಗೆ ಹೋದಳು.

ಇಷ್ಟು ವಿಸ್ತಾರವಾಗಿ ಏಕೆ ಹೇಳಿದೆನೆಂದರೆ, ಓದಿ ಹೇಳಿದ ಅಂಕ ಏನು ಮಾಡುತ್ತದೆ ಎಂಬುದು ಈ ಒಂದು ಪ್ರಕರಣದಲ್ಲೇ ಇದೆ. ಅಂಕ ಊರೆಲ್ಲ ಸುತ್ತಿ ಬಂತು, ಉತ್ತರ ಪತ್ರಿಕೆ ಚೀಲದಲ್ಲೇ ಉಳಿಯಿತು. ಐದು ಮಕ್ಕಳು ಒಂದೇ ಪ್ರಶ್ನೆಯಲ್ಲಿ ಒಂದೇ ರೀತಿ ಸೋತಿದ್ದಾರೆ ಎಂಬುದು ಪ್ರಶ್ನೆವಾರು ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಹೆಸರುವಾರು ಓದಿದೆ. ಹೆಸರುವಾರು ಓದಿದಾಗ ಸೋತದ್ದು ಮಗುವೆಂದೇ ಕಾಣಿಸುತ್ತದೆ. ಪ್ರಶ್ನೆ ಸೋತಿರಬಹುದು, ಭಾಷಾಂತರ ಸೋತಿರಬಹುದು, ಅಧ್ಯಾಪಿಕೆ ಸೋತಿರಬಹುದು ಎಂಬ ಯೋಚನೆಗೆ ಎಡೆಯೇ ಇರುವುದಿಲ್ಲ.

ಇತರ ಮಾಧ್ಯಮದ ಮಕ್ಕಳಿಗೂ ಇದು ಅನ್ವಯಿಸುವುದಿಲ್ಲವೇ ಎಂದು ನೀವು ಕೇಳಬಹುದು. ಅನ್ವಯಿಸುತ್ತದೆ. ಆದರೆ ನಮ್ಮ ಮಕ್ಕಳಿಗೆ ಬೀಳುವ ಪೆಟ್ಟು ಬೇರೆ. ಮಲಯಾಳ ಮಾಧ್ಯಮದ ಮಗುವಿಗೆ ಅಂಕ ಕಡಿಮೆಯಾದರೆ “ಅವನು ಓದುವುದಿಲ್ಲ” ಎನ್ನುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಕಡಿಮೆಯಾದರೆ “ಕನ್ನಡದಲ್ಲಿ ಓದಿದರೆ ಇಷ್ಟೇ” ಎನ್ನುತ್ತಾರೆ. ತೀರ್ಪು ಮಗುವಿನ ಮೇಲಲ್ಲ, ಭಾಷೆಯ ಮೇಲೆ. ನಮ್ಮಲ್ಲಿ ಬಹಳ ಶಾಲೆಗಳು ಒಂದೇ ಕಟ್ಟಡದಲ್ಲಿ ಮಲಯಾಳ ವಿಭಾಗ, ಕನ್ನಡ ವಿಭಾಗ ಎರಡನ್ನೂ ಇಟ್ಟುಕೊಂಡಿವೆ. ಗೋಡೆಯಾಚೆಗೆ ಕೇಳಿದ ಅಂಕ ಮಧ್ಯಾಹ್ನದ ಊಟದ ಸಾಲಿನಲ್ಲಿ ಲೇವಡಿಯಾಗುತ್ತದೆ.

ಅದರ ಬೆಲೆ ಎಷ್ಟೆಂಬುದನ್ನು ಹೆತ್ತವರು ತಿಳಿದಿರಬೇಕು. ಪ್ರತಿ ಜೂನಿನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆ ನಡೆಯುತ್ತದೆ. ಆ ಎಣಿಕೆಯ ಮೇಲೆ ವಿಭಾಗಗಳೆಷ್ಟು, ಅಧ್ಯಾಪಕರ ಹುದ್ದೆಗಳೆಷ್ಟು ಎಂಬುದು ನಿರ್ಣಯವಾಗುತ್ತದೆ. ಒಂದು ಮಗು ಟಿ.ಸಿ. ಪಡೆದು ಹೋದರೆ ಒಂದು ತಲೆ ಕಡಿಮೆ. ಹೀಗೆ ಕೆಲವು ತಲೆಗಳು ಹೋದರೆ ಒಂದು ವಿಭಾಗ ಹೋಗುತ್ತದೆ. ವಿಭಾಗ ಹೋದರೆ ಕನ್ನಡ ಬಲ್ಲ ಒಬ್ಬ ಅಧ್ಯಾಪಕರ ಹುದ್ದೆ ಹೋಗುತ್ತದೆ. ಹೋದ ಹುದ್ದೆ ಮರಳಿ ಬರುವುದು ಎಷ್ಟು ಕಷ್ಟವೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡ ಶಾಲೆಗಳಿಗಾಗಿ ಮನವಿ, ಮೆರವಣಿಗೆ, ಮೊಕದ್ದಮೆ ಎಲ್ಲವನ್ನೂ ಮಾಡಿದ್ದೇವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಬೇಕೆಂಬ ಸಂವಿಧಾನದ 350-ಎ ವಿಧಿಯನ್ನು ಭಾಷಣದಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಹೊರಗಿನಿಂದ ಬಂದ ಆಪತ್ತುಗಳ ಪಟ್ಟಿ ನಮ್ಮ ಬಾಯಲ್ಲಿದೆ. ನಮ್ಮದೇ ತರಗತಿಯೊಳಗೆ, ನಮ್ಮದೇ ಬಾಯಿಂದ, ಒಂದು ಹಾಜರಿ ಪುಸ್ತಕ ಹಿಡಿದು ನಾವು ಮಕ್ಕಳನ್ನು ಹೊರಕ್ಕೆ ದೂಡುತ್ತಿರುವುದನ್ನು ಯಾವ ಮನವಿಯಲ್ಲಿ ಬರೆಯೋಣ?

ಈ ಪ್ರಶ್ನೆ ಪರಊರಿನ ನ್ಯಾಯಾಲಯವೊಂದಕ್ಕೂ ಹೋದದ್ದುಂಟು. ಅಮೆರಿಕದ ಒಕ್ಲಹೋಮ ರಾಜ್ಯದ ಒವಾಸೊ ಎಂಬ ಊರಿನಲ್ಲಿ ಮಕ್ಕಳು ಪತ್ರಿಕೆ ಬದಲಾಯಿಸಿಕೊಂಡು ಒಬ್ಬರದನ್ನೊಬ್ಬರು ತಿದ್ದಿ, ಬಳಿಕ ತಮ್ಮ ಅಂಕವನ್ನು ಅಧ್ಯಾಪಕರಿಗೆ ಕೇಳುವಂತೆ ಕೂಗಿ ಹೇಳುವ ಪದ್ಧತಿ ಇತ್ತು. ನಮ್ಮಲ್ಲಿ ಕಾಪಿ, ಉಕ್ತಲೇಖನ ತಿದ್ದಿಸುವಾಗ ಮಾಡುವುದೂ ಇದನ್ನೇ. ಒಬ್ಬ ತಾಯಿ ಇದಕ್ಕೆ ಆಕ್ಷೇಪಿಸಿದರು. ತನ್ನ ಮಕ್ಕಳಿಗೆ ಇದರಿಂದ ಅವಮಾನವಾಗುತ್ತದೆ, ವಿದ್ಯಾರ್ಥಿಗಳ ದಾಖಲೆಗಳನ್ನು ಗೋಪ್ಯವಾಗಿಡಬೇಕೆನ್ನುವ 1974ರ ಅಲ್ಲಿನ ಕಾಯಿದೆಗೂ ಇದು ವಿರುದ್ಧ ಎಂದರು. ಕೆಳಗಿನ ಮೇಲ್ಮನವಿ ನ್ಯಾಯಾಲಯ ತಾಯಿಯ ಪರ ನಿಂತಿತು. 2002ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು: ಮಕ್ಕಳು ತಿದ್ದಿ ಕೂಗುವ ಹಂತದಲ್ಲಿ ಆ ಅಂಕ ಶಾಲೆ ಕಾಪಿಡುವ ದಾಖಲೆ ಆಗಿರುವುದಿಲ್ಲ, ಆದ್ದರಿಂದ ಆ ಕಾಯಿದೆ ಅದನ್ನು ತಡೆಯುವುದಿಲ್ಲ ಎಂದಿತು. ತಾಯಿ ಸೋತರು. ಆದರೆ ಕೋರ್ಟು ಹೇಳಿದ್ದು ಕಾನೂನು ತಡೆಯುವುದಿಲ್ಲ ಎಂದು, ಹಾಗೆ ಮಾಡುವುದು ಒಳ್ಳೆಯದು ಎಂದಲ್ಲ. ಈ ಎರಡರ ನಡುವಿನ ಜಾಗದಲ್ಲೇ ಅಧ್ಯಾಪಕರ ವಿವೇಕ ಕೆಲಸ ಮಾಡಬೇಕಾದದ್ದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅಷ್ಟೇನೂ ಮೂಕವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಹೊಡೆತವನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 29ನೆಯ ಕಲಂ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಸಬೇಕು ಎನ್ನುತ್ತದೆ. ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಹೇಳುವುದೂ ಅದೇ ಕಲಂ. ಮಾತೃಭಾಷೆಯ ವಾಕ್ಯವನ್ನು ನಾವು ಕಂಠಪಾಠ ಮಾಡಿದ್ದೇವೆ, ಅದರ ನೆರೆಯ ವಾಕ್ಯವನ್ನು ಓದಿಯೇ ಇಲ್ಲ. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕನ್ನಡಿಗರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರ ದತ್ತಾಂಶ ರಕ್ಷಣೆಯ ಕಾಯಿದೆಯಂತೂ 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಮುಂದಿಟ್ಟಿದೆ. ತೋಲ್ಪೆಟ್ಟಿಯ ಆ ತಾಯಿಯನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಮುಚ್ಚಿಡೋಣವೇ? ಇಲ್ಲಿ ನಾನು ಸಭೆಯಲ್ಲಿ ಎದ್ದು ನಿಂತ ಆ ತಂದೆಯ ಮಾತಿಗೆ ಮರಳುತ್ತೇನೆ. ಅಡಗಿಸುವಂಥದ್ದು ಏನಿದೆ ಎಂದು ಅವರು ಕೇಳಿದ್ದರ ಹಿಂದೆ ಇನ್ನೊಂದು ಅನುಭವ ಇತ್ತು; ಸಭೆ ಮುಗಿದ ಬಳಿಕ ಜಗಲಿಯಲ್ಲಿ ನಿಂತು ಹೇಳಿದರು. ಅವರು ಓದುತ್ತಿದ್ದ ಕಾಲದಲ್ಲಿ ಕೇರಿಯ ಮಕ್ಕಳಿಗೆ ಎಷ್ಟು ಬರೆದರೂ ಅಂಕ ಬೀಳುತ್ತಿರಲಿಲ್ಲವಂತೆ. ಹೊಸ ಮಾಸ್ತರರೊಬ್ಬರು ಬಂದು ಎಲ್ಲರ ಪತ್ರಿಕೆಯನ್ನೂ ಮೇಜಿನ ಮೇಲೆ ಹರವಿ, ಅಂಕವನ್ನು ಹಲಗೆಯ ಮೇಲೆ ಬರೆದ ಮೇಲೆಯೇ ಇವರಿಗೆ ಲೆಕ್ಕದಲ್ಲಿ ಮೊದಲ ಸ್ಥಾನ ಸಿಕ್ಕಿದ್ದು. “ಹಲಗೆಯ ಮೇಲೆ ಇದ್ದದ್ದರಿಂದ ನನ್ನದನ್ನು ಯಾರಿಗೂ ಅಳಿಸಲಿಕ್ಕಾಗಲಿಲ್ಲ” ಎಂದರು.

ಈ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಬಹಿರಂಗವೆಂಬುದು ಬಡವರಿಗೆ ಒಂದು ಕಾವಲು ಎನ್ನುವುದು ಸತ್ಯ. ಗೋಪ್ಯದ ಹೆಸರಿನಲ್ಲಿ ಪಕ್ಷಪಾತ ಬೆಚ್ಚಗೆ ಮಲಗಬಹುದು. ಆದರೆ ಅವರನ್ನು ಕಾಪಾಡಿದ್ದು ಯಾವುದು ಎಂದು ಬಳಿಕ ಬಹಳ ಯೋಚಿಸಿದೆ. ಹಲಗೆಯ ಮೇಲಿನ ಅಂಕ ಮಾತ್ರವಲ್ಲ, ಮೇಜಿನ ಮೇಲೆ ಹರವಿದ ಪತ್ರಿಕೆ. ಪತ್ರಿಕೆ ಇಲ್ಲದೆ ಬರಿಯ ಅಂಕ ಓದುವ ಪದ್ಧತಿಯಲ್ಲಿ ಅವರ ಹಳೆಯ ಮಾಸ್ತರರು ನಿಶ್ಚಿಂತೆಯಿಂದ ಹತ್ತಕ್ಕೆ ಎರಡು ಎಂದು ಓದಿಬಿಡಬಹುದಿತ್ತು; ಓದುತ್ತಲೂ ಇದ್ದರು.

ಪತ್ರಿಕೆಯನ್ನು ನೋಡುವುದು ಇಂದು ನಿಮ್ಮ ಮಗುವಿನ ಹಕ್ಕು, ದಯೆಯಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಸಿ.ಬಿ.ಎಸ್.ಇ.ಗೆ ಸಂಬಂಧಿಸಿದ ಪ್ರಕರಣದಲ್ಲಿ, ಪರೀಕ್ಷೆ ಬರೆದವರು ಮೌಲ್ಯಮಾಪನವಾದ ತಮ್ಮ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದೆಂದು ಸ್ಪಷ್ಟಪಡಿಸಿತು. ಬೋರ್ಡ್ ಪರೀಕ್ಷೆಗೇ ಅದು ಅನ್ವಯಿಸುವುದಾದರೆ ಶಾಲೆಯ ಕಿರುಪರೀಕ್ಷೆಯ ಪತ್ರಿಕೆ ಮನೆಗೆ ಬರಲು ಏನಡ್ಡಿ? ಆದುದರಿಂದ ನಾನು ಬೇಡುವುದು ಕತ್ತಲೆಯನ್ನಲ್ಲ. ಬೆಳಕು ಬೀಳಬೇಕಾದ ಜಾಗ ಬೇರೆ ಎಂದಷ್ಟೇ ಹೇಳುವುದು. ಮಗುವಿನ ಹೆಸರಿನ ಮೇಲಲ್ಲ, ಪತ್ರಿಕೆಯ ಮೇಲೆ, ಪ್ರಶ್ನೆಯ ಮೇಲೆ, ಶಾಲೆಯ ಮೇಲೆ.

ನಮ್ಮ ತರಗತಿಯಲ್ಲಿ ಈಗ ಮಾಡುವುದು ಇಷ್ಟು. ಪರೀಕ್ಷೆ ತಿದ್ದಿದ ಮೇಲೆ ಕರಿಹಲಗೆಯಲ್ಲಿ ಪ್ರಶ್ನೆಗಳ ನಂಬ್ರ ಬರೆದು, ಪ್ರತಿ ಪ್ರಶ್ನೆಗೆ ಎಷ್ಟು ಮಂದಿ ಪೂರ್ಣ ಅಂಕ ಪಡೆದರು, ಎಷ್ಟು ಮಂದಿ ಬರೆಯಲೇ ಇಲ್ಲ ಎಂದು ಹಾಕುತ್ತೇನೆ. ಹೆಸರಿಲ್ಲ. ಹೆಚ್ಚಿನವರು ತಪ್ಪಿದ ಪ್ರಶ್ನೆಯನ್ನು ಮಕ್ಕಳೇ ಬೇಟೆಯಾಡುತ್ತಾರೆ: ಶಬ್ದ ಗೊತ್ತಿರಲಿಲ್ಲವೇ, ಪಾಠ ಆಗಿರಲಿಲ್ಲವೇ, ಪ್ರಶ್ನೆಯೇ ಓರೆಯೇ? ಒಮ್ಮೆ ಒಬ್ಬ ಹುಡುಗ ಎದ್ದು “ಇದು ನೀವು ರಜೆ ಹಾಕಿದ ವಾರದ ಪಾಠ ಟೀಚರ್” ಎಂದ. ಹೌದಾಗಿತ್ತು. ಎಲ್ಲರೂ ಈ ಪದ್ಧತಿಯನ್ನು ಮೆಚ್ಚಿದರೆಂದೇನೂ ಅಲ್ಲ. ಮೊದಲ ಸ್ಥಾನದವರಿಗೆ ಸ್ವಲ್ಪ ನಿರಾಶೆಯಾಯಿತು, ಅವರ ತಾಯಂದಿರಿಗೆ ಸ್ವಲ್ಪ ಹೆಚ್ಚೇ.

2005ರಲ್ಲಿ ಕೇರಳದ ಎಸ್.ಎಸ್.ಎಲ್.ಸಿ.ಗೆ ಗ್ರೇಡು ಬಂದಾಗ ಈ ಓಟ ತಗ್ಗೀತೆಂದು ನಾವೆಲ್ಲ ನಂಬಿದ್ದೆವು. ಎ ಪ್ಲಸ್‌ನಿಂದ ಇ ವರೆಗೆ ಒಂಬತ್ತು ಮೆಟ್ಟಿಲು, ರ್‍ಯಾಂಕಿಲ್ಲ. ಆಮೇಲೆ ಆದದ್ದು ನಿಮಗೆ ಗೊತ್ತಿದೆ. ಪ್ರತಿ ಮೇ ತಿಂಗಳಲ್ಲಿ ಪೇಟೆಯ ತಿರುವಿನಲ್ಲಿ ‘ಎಲ್ಲ ವಿಷಯಗಳಲ್ಲಿ ಎ ಪ್ಲಸ್’ ಎಂಬ ಫ್ಲೆಕ್ಸು, ಮಕ್ಕಳ ಭಾವಚಿತ್ರದ ಪಕ್ಕದಲ್ಲಿ ನಾಯಕರ ಭಾವಚಿತ್ರ. ಒಂಬತ್ತು ಎ ಪ್ಲಸ್ ಪಡೆದು ಒಂದು ತಪ್ಪಿದ ಮಗು ಆ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯಬೇಕು. ಹಳೆಯ ರ್‍ಯಾಂಕು ಹತ್ತಾರು ಮಂದಿಯದಾಗಿತ್ತು, ಈ ಫ್ಲೆಕ್ಸು ಊರಿಗೊಂದು.

ಈಗ ಇನ್ನೊಂದು ಸಂದರ್ಭ ಬಂದಿದೆ, ಎಚ್ಚರಿಕೆ ಬೇಕು. 2024-25ರಲ್ಲಿ 8ನೆಯ ತರಗತಿಯಿಂದ ಆರಂಭಿಸಿ, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇಕಡಾ 30 ಕನಿಷ್ಠ ಅಂಕ ಬೇಕೆಂಬ ನಿಯಮವನ್ನು ಕೇರಳ ಸರಕಾರ ತಂದಿದೆ; ಮೇಲಿನ ತರಗತಿಗಳಿಗೂ ಅದನ್ನು ವಿಸ್ತರಿಸುವುದೆಂದು ಆಗಲೇ ನಿಶ್ಚಯಿಸಿದೆ. ಕನಿಷ್ಠ ತಲುಪದವರಿಗೆ ವಿಶೇಷ ಪಾಠ, ಮತ್ತೆ ಪರೀಕ್ಷೆ. ನಿಯಮದ ಉದ್ದೇಶವನ್ನು ನಾನು ದೂರುವುದಿಲ್ಲ, ಹಿಂದುಳಿದ ಮಗುವಿಗೆ ಹೆಚ್ಚಿನ ಪಾಠ ಸಿಗಲಿ. ಆದರೆ “ಮಿನಿಮಮ್ ಇಲ್ಲದವರು ಎದ್ದು ನಿಲ್ಲಿ” ಎಂಬ ಒಂದು ವಾಕ್ಯ ಸಾಕು, ಆ ಮಗು ವಿಶೇಷ ಪಾಠಕ್ಕೆ ಬಾರದಿರಲು. ಕರೆಯುವುದಾದರೆ ಒಬ್ಬೊಬ್ಬರನ್ನೇ ಕರೆಯಬೇಕು. ಚೀಟಿ ಕೊಡಬಹುದು, ಫೋನು ಮಾಡಬಹುದು. ಇದು ಶ್ರಮದ ಕೆಲಸವೇ, ಅಧ್ಯಾಪಕರು ಗೊಣಗುತ್ತಾರೆ, ನಾನೂ ಗೊಣಗುತ್ತೇನೆ.

ವಯನಾಡಿನವಳಾಗಿ ಇನ್ನೊಂದು ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಕೇರಳದಲ್ಲಿ ಆದಿವಾಸಿಗಳ ಪ್ರಮಾಣ ಅತಿ ಹೆಚ್ಚು ಇರುವ ಜಿಲ್ಲೆ ನಮ್ಮದು. 2011ರ ಜನಗಣತಿಯಂತೆ ಶೇಕಡಾ 18.5. ಅವರಲ್ಲಿ ಕಾಟ್ಟುನಾಯ್ಕರ ಮನೆಮಾತು ಕನ್ನಡಕ್ಕೆ ಬಲು ಹತ್ತಿರ. ಆಚೆ ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ಮಾತು ಕೇಳಿದವರಿಗೆ ಕೂಡಲೇ ಗುರುತು ಸಿಗುತ್ತದೆ. ಅವರ ಮಕ್ಕಳು ಕಲಿಯುವುದು ಮಲಯಾಳದಲ್ಲಿ. ಒಂದನೆಯ ತರಗತಿಯಲ್ಲಿ ಆ ಮಗುವಿಗೆ ಬರುವ ಅಂಕ ಅದರ ಬುದ್ಧಿಯ ಅಳತೆಯಲ್ಲ, ಮನೆಯ ಮಾತಿಗೂ ಶಾಲೆಯ ಮಾತಿಗೂ ಇರುವ ದೂರದ ಅಳತೆ. ಇದನ್ನು ಅರಿತೇ ಸರಕಾರ 2017ರಲ್ಲಿ ‘ಗೋತ್ರಬಂಧು’ ಯೋಜನೆಯಡಿ ಆದಿವಾಸಿ ಸಮುದಾಯದ ತರಬೇತಾದ ಯುವಕ ಯುವತಿಯರನ್ನೇ ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ನೇಮಿಸಿತು. ನಮ್ಮ ಕನ್ನಡ ತರಗತಿಗಳನ್ನೇ ನೋಡಿ: ಅಲ್ಲಿ ಕುಳಿತ ಮಕ್ಕಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಡುವವರು ಎಷ್ಟೊಂದು ಮಂದಿ! ನಾವು ಅಲ್ಪಸಂಖ್ಯಾತರು, ನಮ್ಮ ಮಕ್ಕಳ ಕಷ್ಟ ಅರಿಯಿರಿ ಎಂದು ತಿರುವನಂತಪುರಕ್ಕೆ ಬರೆಯುವ ನಾವು, ನಮ್ಮ ತರಗತಿಯೊಳಗಿನ ಅಲ್ಪಸಂಖ್ಯಾತ ಮಗುವಿನ ಅಂಕವನ್ನು ಕೂಗಿ ಹೇಳುವುದು ಹೇಗೆ?

ಇನ್ನು, ಬಹಿರಂಗವಾಗಿ ಓದಬೇಕಾದ ಅಂಕಗಳು ಕೆಲವು ಉಂಟು. ಅವನ್ನು ಯಾರೂ ಓದುವುದಿಲ್ಲ. ಪಿ.ಟಿ.ಎ. ಸಭೆಯಲ್ಲಿ ನೀವು ಕೇಳಿ: ಕನ್ನಡ ವಿಭಾಗದಲ್ಲಿ ಈ ವರ್ಷ ಯಾವ ವಿಷಯದ ಹುದ್ದೆ ಎಷ್ಟು ದಿನ ಖಾಲಿ ಇತ್ತು? ಕನ್ನಡ ಪಠ್ಯಪುಸ್ತಕ ಮಕ್ಕಳ ಕೈಗೆ ಬಂದದ್ದು ಯಾವ ತಾರೀಕಿಗೆ, ಮಲಯಾಳದ್ದು ಯಾವ ತಾರೀಕಿಗೆ? ಪ್ರಶ್ನೆಪತ್ರಿಕೆಯ ಕನ್ನಡವನ್ನು ಕನ್ನಡ ಬಲ್ಲವರು ಪರಿಶೀಲಿಸಿದರೇ? ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಕಾಸರಗೋಡಿನ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದು, ಕೋರ್ಟಿಗೆ ಹೋದದ್ದು ನೀವು ಕಂಡದ್ದೇ. ಆ ತಿಂಗಳುಗಳ ಪಾಠ ಹೋದ ಮಗುವಿಗೆ ವಿಜ್ಞಾನದಲ್ಲಿ ಹನ್ನೆರಡು ಬಂದರೆ ಆ ಹನ್ನೆರಡು ಯಾರ ಅಂಕ? ಹೆಸರಿಲ್ಲದ ಒಟ್ಟು ಫಲಿತಾಂಶವನ್ನು, ಅದರ ಪಕ್ಕದಲ್ಲಿ ಈ ಲೆಕ್ಕವನ್ನು, ದಪ್ಪ ಅಕ್ಷರದಲ್ಲಿ ಬರೆದು ಫಲಕಕ್ಕೆ ಅಂಟಿಸಲಿ. ಅದಕ್ಕೆ ನಾನೇ ಗೋಂದು ತರುತ್ತೇನೆ.

ಒಟ್ಟು ಫಲಿತಾಂಶದಲ್ಲಿ ಎಂಥ ಸಂತೋಷ ಇರಬಹುದೆಂಬುದನ್ನು ವಯನಾಡು ಇತ್ತೀಚೆಗೆ ಕಂಡಿತು. 2024ರ ಜುಲೈ 30ರ ಭೂಕುಸಿತ ಮುಂಡಕ್ಕೈ, ಚೂರಲ್ಮಲಗಳನ್ನು ಕೊಚ್ಚಿಕೊಂಡು ಹೋದಾಗ ವೆಳ್ಳಾರ್ಮಲದ ಸರಕಾರಿ ಶಾಲೆಯೂ ಹಾಳಾಯಿತು. ಮಕ್ಕಳು ಮೇಪ್ಪಾಡಿಗೆ ಹೋಗಿ ಕಲಿತರು. 2025ರ ಎಸ್.ಎಸ್.ಎಲ್.ಸಿ.ಯಲ್ಲಿ ಅಲ್ಲಿಂದ ಪರೀಕ್ಷೆಗೆ ಕುಳಿತವರೆಲ್ಲರೂ ಉತ್ತೀರ್ಣರಾದರು. ನಮ್ಮ ಕಡೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಹೇಳಿಕೊಂಡದ್ದು “ಎಲ್ಲ ಮಕ್ಕಳೂ ಪಾಸು” ಎಂಬ ಒಂದೇ ಮಾತು. ಯಾರಿಗೆ ಎಷ್ಟು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ವಾಟ್ಸಾಪಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತರಗತಿಯಲ್ಲಿ ಓದಿದ ಅಂಕ ಊರೊಳಗೆ ಸುತ್ತಿದರೆ, ಗುಂಪಿಗೆ ಹಾಕಿದ ಪಟ್ಟಿ ಗಲ್ಫಿನವರೆಗೂ ಹೋಗುತ್ತದೆ, ಎಂದೂ ಅಳಿಯುವುದಿಲ್ಲ. ನಿಮ್ಮ ಗುಂಪಿಗೆ ಅಂಥ ಪಟ್ಟಿ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಹಾಕಿದ ಅಧ್ಯಾಪಕರಿಗೆ ಖಾಸಗಿಯಾಗಿ, ಜಗಳವಿಲ್ಲದೆ, ತೆಗೆಯಲು ಹೇಳಿ. ಹೆಚ್ಚಿನವರು ಕೆಟ್ಟ ಉದ್ದೇಶದಿಂದ ಹಾಕಿರುವುದಿಲ್ಲ, ಸುಲಭವೆಂದು ಹಾಕಿರುತ್ತಾರೆ.

ತೋಲ್ಪೆಟ್ಟಿಯ ಹುಡುಗನ ತಾಯಿ ಮರುವಾರ ಶಾಲೆಗೆ ಹೋಗಿ ಪತ್ರಿಕೆ ಕೇಳಿ ತಂದರು. ಫೋನಿನಲ್ಲಿ ನನಗೆ ಓದಿ ಹೇಳಿದರು. ಹುಡುಗ ಲೆಕ್ಕಗಳನ್ನು ಸರಿಯಾಗಿಯೇ ಮಾಡಿದ್ದಾನೆ, ಅರ್ಧದಲ್ಲಿ ಹೊತ್ತು ಮುಗಿದಿದೆ. ಕೊನೆಯ ಎರಡು ಪುಟ ಖಾಲಿ. ಅವನಿಗೆ ಬೇಕಾದದ್ದು ಕೈಬರಹದ ವೇಗ. ಇಪ್ಪತ್ತಾರು ಎಂಬ ಸಂಖ್ಯೆಯಲ್ಲಿ ಅದು ಎಲ್ಲಿ ಬರೆದಿತ್ತು?

ನಮ್ಮ ಶಾಲೆಯ ಹೆತ್ತವರಿಗೆ: ಕ್ರಿಸ್ಮಸ್ ಪರೀಕ್ಷೆಯ ಪತ್ರಿಕೆಗಳು ಜನವರಿಯ ಕ್ಲಾಸ್ ಪಿ.ಟಿ.ಎ.ಯ ದಿನ ಲಕೋಟೆಯಲ್ಲಿ ಹಾಕಿ ಬೆಂಚಿನ ಮೇಲೆ ಇರುತ್ತವೆ, ಒಂದೊಂದರ ಮೇಲೆ ಒಂದೊಂದು ಹೆಸರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ನೋಡಿ. ಓದಲು ಬಾರದವರು ಸಂಕೋಚ ಪಡಬೇಡಿ, ಮಗುವೇ ತನ್ನ ಉತ್ತರವನ್ನು ನಿಮಗೆ ಓದಿ ಹೇಳಲಿ. ಅಂಕ ಕೂಡಿಸಿದ್ದರಲ್ಲಿ ತಪ್ಪು ಕಂಡರೆ ಪೆನ್ಸಿಲಿನಿಂದ ಗುರುತು ಹಾಕಿ. ಮಧ್ಯಾಹ್ನ ಎರಡರಿಂದ ಆರು ಗಂಟೆಯವರೆಗೆ ನಾನು ತರಗತಿಯಲ್ಲಿರುತ್ತೇನೆ. ಕೂಲಿ ಬಿಟ್ಟು ಬರಲಾಗದವರು ಮರುದಿನ ಬೆಳಿಗ್ಗೆ ಎಂಟೂವರೆಗೆ ಬನ್ನಿ, ಬಾಗಿಲು ತೆರೆದಿರುತ್ತದೆ.